ಎರಡು ಕೀಲಿಯ ಪೆಟ್ಟಿಗೆ

ನಾನು ಒಂದು ಉಕ್ಕಿನ ಪೆಟ್ಟಿಗೆ. ಬಾಯಿ ಮುಚ್ಚಿಕೊಂಡಿರುವುದೇ ನನ್ನ ಕಸುಬು. ಇಪ್ಪತ್ತೆರಡು ವರ್ಷ ಒಂದು ಜೀಪಿನ ಹಿಂದಿನ ಸೀಟಿನ ಕೆಳಗೆ ಕುಳಿತು, ಕಲ್ಲು, ಕೆಸರು, ಹಳ್ಳ, ದಿಣ್ಣೆ ಎಲ್ಲವನ್ನೂ ಹಾದು, ನನ್ನ ಹೊಟ್ಟೆಯಲ್ಲಿಟ್ಟ ಬಂದೂಕುಗಳನ್ನು ಕಾದಿದ್ದೇನೆ. ನನ್ನನ್ನು ಒಡೆಯಲು ಎರಡು ಸಲ ಪ್ರಯತ್ನ ನಡೆಯಿತು. ಮೊದಲ ಸಲ ಒಡೆಯಲು ಬಂದವರು ನನ್ನನ್ನು ಮಾಡಿದವರೇ. ಎರಡನೆಯವನು ಕಳ್ಳ. ಇಬ್ಬರೂ ಸೋತರು. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ ಬಂದರೆ ನೀವು ಸಹಿಸಿಕೊಳ್ಳಬೇಕು. ಇಷ್ಟು ವರ್ಷ ಸುಮ್ಮನಿದ್ದ ನನಗೆ ಒಂದು ದಿನದ ಜಂಬದ ಹಕ್ಕಾದರೂ ಇರಬೇಕಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮಕ್ತುಂಸಾಬರ ವೆಲ್ಡಿಂಗ್ ಅಂಗಡಿಯಲ್ಲಿ. ಅಂಗಡಿ ಎಂದರೆ ಮೂರು ತಗಡಿನ ಗೋಡೆ, ಮುಂದೊಂದು ಬೇವಿನ ಮರ. ಮಕ್ತುಂಸಾಬರು ಕಿಟಕಿಯ ಸರಳು, ಗೇಟು, ಕಪಾಟು ಮಾಡುವವರು. ಒಂದು ದಿನ ಬೆಳಗ್ಗೆ ಅವರ ಅಂಗಡಿಯ ಮುಂದೆ, ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೆಯ ಜೀಪೊಂದು ಬಂದು ನಿಂತಿತು. ಇಳಿದವರು ಸುಬೇದಾರ್ ಅಡಿವೆಪ್ಪ. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಇದ್ದು, ಅದರಲ್ಲಿ ಅರ್ಧ ಕಾಲ ಜವಾನರಿಗೆ ಪಿಸ್ತೂಲು ಕಲಿಸಿ, ನಿವೃತ್ತರಾಗಿ ಧಾರವಾಡದ ಹತ್ತಿರದ ತಮ್ಮ ಹಳ್ಳಿಗೆ ಮರಳಿದ್ದವರು. ಪರವಾನಗಿ ಪಡೆದ ಒಂದು ರಿವಾಲ್ವರ್ ಅವರಲ್ಲಿತ್ತು. ವಾರಕ್ಕೆರಡು ಸಲ ಅದನ್ನು ಜೀಪಿನಲ್ಲಿಟ್ಟುಕೊಂಡು ಗುಡ್ಡದಾಚೆಯ ಶೂಟಿಂಗ್ ರೇಂಜಿಗೆ ಹೋಗುತ್ತಿದ್ದರು. ದಾರಿಯಲ್ಲಿ ಚಹಾ ಕುಡಿಯಬೇಕು, ಸಂತೆ ಮಾಡಬೇಕು, ನೆಂಟರ ಮನೆಗೆ ಇಣುಕಬೇಕು. ಆ ಹೊತ್ತಿನಲ್ಲಿ ಬರೀ ಟಾರ್ಪಾಲು ಹೊದ್ದ ಜೀಪಿನಲ್ಲಿ ಬಂದೂಕು ಬಿಟ್ಟು ಹೋಗುವುದು ಹೇಗೆ? ಆ ಚಿಂತೆಯಿಂದಲೇ ನಾನು ಹುಟ್ಟಿದೆ.

ಸುಬೇದಾರರು ಎರಡು ದಿನ ಬೇವಿನ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತರು. ಹಾಳೆ ದಪ್ಪವಿರಲಿ ಎಂದರು. ಬಿಜಾಗರಿ ಹೊರಗೆ ಕಾಣಬಾರದು ಎಂದರು. ನನ್ನನ್ನು ಜೀಪಿನ ನೆಲಕ್ಕೆ ಬಿಗಿಯುವ ನಾಲ್ಕು ಬೋಲ್ಟುಗಳ ತಲೆ ನನ್ನ ಹೊಟ್ಟೆಯ ಒಳಗೇ ಇರಬೇಕು, ಕೆಳಗೆ ನಟ್ಟುಗಳನ್ನು ವೆಲ್ಡ್ ಮಾಡಬೇಕು, ನನ್ನನ್ನು ತೆರೆಯದೆ ಯಾರೂ ಬಿಚ್ಚಬಾರದು ಎಂದರು. ಮಕ್ತುಂಸಾಬರು ಎಲ್ಲಕ್ಕೂ ತಲೆಯಾಡಿಸಿದರು. ಒಳಗೆ ಎರಡು ಖಾನೆ, ಎರಡು ಬೇರೆ ಮುಚ್ಚಳ, ಎರಡು ಬೇರೆ ಕೀಲಿ ಬೇಕು ಎಂದಾಗ ಮಾತ್ರ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ನೋಡಿದರು.

"ಒಂದ್ ಪೆಟ್ಟಿಗಿಗೆ ಎರಡು ಕೀಲಿ ಯಾಕ್ರೀ ಸಾಹೇಬ್ರ?"

"ಬಂದೂಕು ಮತ್ತ ಗುಂಡು ಗಂಡ-ಹೆಂಡ್ತಿ ಅಲ್ರೀ ಮಕ್ತುಂಸಾಬ್ರ, ಒಂದ ಮನ್ಯಾಗ ಇಡಾಕ. ನಡುವ ಗೋಡಿ ಹಾಕ್ರಿ."

ಹಾಗೆ ನನ್ನ ಹೊಟ್ಟೆಯಲ್ಲಿ ಗೋಡೆ ಎದ್ದಿತು. ಮೈಗೆ ಹಸಿರು ಬಣ್ಣ ಬಿತ್ತು. ಬಣ್ಣ ಒಣಗಿದ ಮೇಲೆ ಸುಬೇದಾರರು ಮೂಲೆಯಲ್ಲಿದ್ದ ಹಾರೆಯನ್ನು ತಂದು ಮಕ್ತುಂಸಾಬರ ಕೈಗೆ ಕೊಟ್ಟು, "ಈಗ ಒಡೀರಿ" ಅಂದರು. ಮಕ್ತುಂಸಾಬರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಎರಡು ದಿನ ತಟ್ಟಿ ತೀಡಿ ಮಾಡಿದ ವಸ್ತು! ಆದರೂ ಹಾರೆ ಹಿಡಿದರು. ಮೊದಲು ಮೆಲ್ಲಗೆ, ಆಮೇಲೆ ಹಟಕ್ಕೆ ಬಿದ್ದು, ಅರ್ಧ ತಾಸು ಮೀಟಿದರು, ಕುಟ್ಟಿದರು, ಉಸಿರು ಬಿಗಿಹಿಡಿದು ಒತ್ತಿದರು. ಕೊನೆಗೆ ಹಾರೆ ಎಸೆದು ಮರಕ್ಕೆ ಒರಗಿ ಕುಳಿತರು. ನನ್ನ ಮೈಮೇಲೆ ಎರಡು ಗೀರು ಬಿದ್ದಿದ್ದವು, ಅಷ್ಟೇ. "ಪಾಸ್" ಅಂದರು ಸುಬೇದಾರರು. ಮಕ್ತುಂಸಾಬರು ಬೆವರು ಒರೆಸಿಕೊಳ್ಳುತ್ತ ನನ್ನ ತಲೆ ಸವರಿದರು. ತಾನು ಮಾಡಿದ್ದರ ಕೈಯಲ್ಲೇ ಸೋತ ಮನುಷ್ಯನ ಮುಖದಲ್ಲಿ ಅಷ್ಟೊಂದು ಖುಷಿಯನ್ನು ನಾನು ಮತ್ತೆ ನೋಡಲಿಲ್ಲ.

ಬಂದೂಕಿನ ಖಾನೆಯ ಕೀಲಿಯನ್ನು ಸುಬೇದಾರರು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡರು. ಗುಂಡಿನ ಖಾನೆಯ ಕೀಲಿ ಅವರ ಹೆಂಡತಿ ಸಂಗವ್ವನ ಸೆರಗಿನ ಗಂಟಿಗೆ ಹೋಯಿತು. ರೇಂಜಿಗೆ ಹೊರಡುವ ದಿನ ಸುಬೇದಾರರು ಅಂಗಳದಲ್ಲಿ ನಿಂತು ಹೆಂಡತಿಯನ್ನು ಕೀಲಿ ಕೇಳಬೇಕಾಗುತ್ತಿತ್ತು. ಹಿಂದಿನ ರಾತ್ರಿ ಜಗಳವಾಗಿದ್ದರೆ ಕೀಲಿ ಬೇಗ ಸಿಗುತ್ತಿರಲಿಲ್ಲ. "ಇದ ನೋಡು ಸುರಕ್ಷಾ" ಎಂದು ಅವರು ಮೀಸೆಯಲ್ಲೇ ನಗುತ್ತಿದ್ದರು.

ಸಂಗವ್ವ ನನಗೊಂದು ಊಟವನ್ನೂ ಗೊತ್ತು ಮಾಡಿದ್ದಳು. ಪ್ರತಿ ಸೋಮವಾರ ಒಂದು ಹಿಡಿ ಅಕ್ಕಿಯನ್ನು ಚೆನ್ನಾಗಿ ಹುರಿದು, ಆರಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಎರಡೂ ಖಾನೆಗಳ ಮೂಲೆಯಲ್ಲಿ ಇಡುತ್ತಿದ್ದಳು. ಮಳೆಗಾಲದ ತಂಪನ್ನು ಆ ಅಕ್ಕಿ ಹೀರಿಕೊಳ್ಳುತ್ತಿತ್ತು, ಒಳಗಿನ ಕಬ್ಬಿಣಕ್ಕೆ ತುಕ್ಕು ಹತ್ತುತ್ತಿರಲಿಲ್ಲ. ಸ್ಪಂಜು ಹಾಸಿರೆಂದು ಯಾರೋ ಹೇಳಿದಾಗ ಸುಬೇದಾರರು ಒಪ್ಪಲಿಲ್ಲ. ಸ್ಪಂಜು ನೀರು ಹಿಡಿಯುತ್ತದೆ, ರಬ್ಬರ್ ಹಾಳೆ ಹಿಡಿಯುವುದಿಲ್ಲ ಎಂದು ರಬ್ಬರನ್ನೇ ಹಾಸಿದರು.

ನನ್ನ ಮೊದಲ ಅತಿಥಿ ರಿವಾಲ್ವರ್, ಪಾಯಿಂಟ್ ಮೂವತ್ತೆರಡು ಬೋರಿನದು. ಬೋರೆಂದರೆ ನಳಿಗೆಯ ತೂತಿನ ಅಳತೆ. ಗಿಡ್ಡ ಮೂತಿ, ದಪ್ಪ ಹೊಟ್ಟೆ, ದೊಡ್ಡ ದನಿ. ಮನೆಯಲ್ಲಿದ್ದಾಗಲೂ ಅದರ ವಾಸ ನನ್ನೊಳಗೇ. ತನ್ನ ಮುಂದೆ ಯಾರೂ ಇಲ್ಲ ಎಂಬ ಗತ್ತು ಅದಕ್ಕೆ. ಚುನಾವಣೆ ಬಂದಾಗ ಮಾತ್ರ ಅದರ ಗತ್ತು ಇಳಿಯುತ್ತಿತ್ತು. ಊರಿನ ಪರವಾನಗಿಯ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಇದೂ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಆ ದಿನಗಳಲ್ಲಿ ನಾನು ಬರಿದಾಗಿರುತ್ತಿದ್ದೆ. ಒಂದು ಸಲ ಸುಬೇದಾರರ ಮಗ ಸೋಮನಿಂಗಪ್ಪ ಅಪ್ಪನ ಉಡಿದಾರದಿಂದ ಹೇಗೋ ಕೀಲಿ ಎಗರಿಸಿ ನನ್ನೊಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟಿದ್ದ. ಒಂದು ತಿಂಗಳು ನನ್ನ ಮೈಯೆಲ್ಲ ಬೆಳ್ಳುಳ್ಳಿ ನಾತ. ಸುಬೇದಾರರಿಗೆ ಗೊತ್ತಾದ ದಿನ ಮೂವತ್ತು ವರ್ಷದ ಮಗನನ್ನು ಅಂಗಳದಲ್ಲಿ ಅಟೆನ್ಶನ್ ನಿಲ್ಲಿಸಿದ್ದರು.

ಸೋಮನಿಂಗಪ್ಪ ಕೆಟ್ಟವನಲ್ಲ. ಒಕ್ಕಲುತನ ಮಾಡಿಕೊಂಡಿದ್ದ, ಕೈ ಕಸುವಿನದು, ಮನಸ್ಸು ಬೆಣ್ಣೆ. ಆದರೆ ಎಲ್ಲವೂ ದೊಡ್ಡದಾಗಿ ಇರಬೇಕು ಅವನಿಗೆ. ದೊಡ್ಡ ಹಾರ್ನು, ದೊಡ್ಡ ಟೈರು, ದೊಡ್ಡ ಮಾತು. ಮಳೆಗಾಲದಲ್ಲಿ ಊರೂರಿನ ಜೀಪಿನವರು ಸೇರಿ ಕೆಸರಿನಲ್ಲಿ ಜೀಪು ಓಡಿಸುವ ಪೈಪೋಟಿ ನಡೆಸುತ್ತಾರಲ್ಲ, ಅದರ ಹುಚ್ಚು ಹಿಡಿದು ನಮ್ಮ ಜೀಪಿಗೆ ಎಲ್ಲಿಂದಲೋ ಅಗಲವಾದ, ಬಾಣದ ಮೊನೆಯಂಥ ಹಲ್ಲುಗಳಿರುವ ಟೈರುಗಳನ್ನು ತರಿಸಿ ಹಾಕಿಸಿದ. ಸುತ್ತಲಿನ ಹತ್ತು ಊರಲ್ಲಿ ಅಂಥ ಟೈರು ಇನ್ನೊಂದಿರಲಿಲ್ಲ. ಅಂಥವನಿಗೆ ಹೆಣ್ಣು ನೋಡಲು ಹೋದ ದಿನವೇ ನಮ್ಮ ಮನೆಯ ಹಣೆಬರಹ ಬದಲಾಯಿತು.

ಜೀಪು ಹೆಣ್ಣಿನ ಊರಿನ ಹೊಲದ ದಾರಿಯಲ್ಲಿ ಹೋಗುತ್ತಿತ್ತು. ಜೋಳ ತೆನೆಗಟ್ಟಿದ್ದ ಕಾಲ. ಹೊಲದ ನಡುವೆ ಅಟ್ಟಣಿಗೆಯ ಮೇಲೆ ಒಬ್ಬ ಹುಡುಗಿ ನಿಂತು ಕವಣೆ ಬೀಸಿ ಹಕ್ಕಿ ಹಾರಿಸುತ್ತಿದ್ದಳು. ಸುಬೇದಾರರು ಜೀಪು ನಿಲ್ಲಿಸಿದರು. ಹುಡುಗಿ ಹಕ್ಕಿಗೆ ಹೊಡೆಯುತ್ತಿರಲಿಲ್ಲ. ಅವು ಕುಳಿತ ತೆನೆಯ ಪಕ್ಕದ ದಂಟಿಗೆ ಹೊಡೆಯುತ್ತಿದ್ದಳು. ಹತ್ತು ಕಲ್ಲಿಗೆ ಹತ್ತು ದಂಟು. ಹಕ್ಕಿಗೂ ನೋವಿಲ್ಲ, ತೆನೆಗೂ ನೋವಿಲ್ಲ. ಸುಬೇದಾರರು ಬಾಯಲ್ಲೇ ಎಣಿಸಿದರು. ಮನೆಗೆ ಹೋಗಿ ನೋಡಿದರೆ ಹೆಣ್ಣು ಅವಳೇ, ಕಸ್ತೂರಿ. ಅವರು ಅಡುಗೆ, ಹಾಡು ಏನೂ ಕೇಳಲಿಲ್ಲ. "ನಮ್ಮ ಹುಡುಗ ಹೆಂಗ ಅದಾನ ನೀವ ನೋಡ್ಕೋರಿ. ಹುಡುಗಿ ನಮಗ ಒಪ್ಪಿಗಿ" ಅಂದುಬಿಟ್ಟರು.

ಮದುವೆಯಾದ ಮರುವರ್ಷ ಅವರು ಸೊಸೆಯನ್ನು ರೇಂಜಿಗೆ ಕರೆದೊಯ್ದರು. ಅವಳ ಕೈ ನೋಡಿದ ಮೇಲೆ ಅವಳಿಗೊಂದು ಸ್ವಂತ ಪಿಸ್ತೂಲು ಬೇಕು ಎಂಬ ಮಾತು ಬಂತು. ಬಂದದ್ದೇ ತಡ, ಮನೆಯಲ್ಲಿ ಬೋರಿನ ಜಗಳ ಶುರು. ಪಾಯಿಂಟ್ ಇಪ್ಪತ್ತೆರಡು ಸಾಕು ಎಂದು ಕಸ್ತೂರಿ. ಮೂವತ್ತೆರಡೇ ಇರಲಿ ಎಂದು ಅವಳ ಗಂಡ.

"ಇಪ್ಪತ್ತೆರಡು ಅಂದ್ರ ಗುಬ್ಬಿ ಹೊಡ್ಯೂದು. ಮಂದಿ ಏನಂತಾರ? ಸುಬೇದಾರ್ ಸೊಸಿ ಆಟಗಿ ಸಾಮಾನ ಹಿಡ್ದಾಳ ಅಂತಾರ!"

"ಮಂದಿ ಮುಂದ ಹಿಡಿಲಿಕ್ಕೆ ಬೇಕಾಗಿಲ್ರಿ ನನಗ. ಹೊಡೀಲಿಕ್ಕೆ ಬೇಕಾಗೇತಿ" ಅಂದಳು ಕಸ್ತೂರಿ.

ಸುಬೇದಾರರು ಇಬ್ಬರನ್ನೂ ರೇಂಜಿಗೆ ಕರೆದೊಯ್ದರು. ಜೀಪಿನ ಹಿಂಬಾಗಿಲು ತೆರೆದಿತ್ತು, ನಾನು ಎಲ್ಲವನ್ನೂ ನೋಡಿದೆ. ರಿವಾಲ್ವರಿನ ಆರು ಮನೆಗಳಲ್ಲಿ ನಾಲ್ಕಕ್ಕೆ ಗುಂಡು ತುಂಬಿ, ಎರಡಕ್ಕೆ ಮಾತ್ರ ಹಾರಿಸಿ ಮುಗಿದ ಖಾಲಿ ತೋಟೆ ತುಂಬಿದರು. ಯಾವ ಮನೆಯಲ್ಲಿ ಯಾವುದು ಎಂದು ಹೇಳಲಿಲ್ಲ. ಸೋಮನಿಂಗಪ್ಪ ಎದೆ ಸೆಟೆಸಿ ಹೊಡೆದ. ಒಂದು ಢಂ, ಎರಡು ಢಂ. ಮೂರನೆಯದು ಖಾಲಿ. ಗುಂಡು ಹಾರಲಿಲ್ಲ, ಸದ್ದೂ ಆಗಲಿಲ್ಲ, ಆದರೂ ಬರಲಿರುವ ಸದ್ದಿಗೆ ಮೊದಲೇ ಅಂಜಿ ಅವನ ಕೈ ನೆಲದ ಕಡೆಗೆ ಗಕ್ಕನೆ ಕುಸಿಯಿತು, ಕಣ್ಣು ಗಟ್ಟಿಯಾಗಿ ಮುಚ್ಚಿತು. ರೇಂಜಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಪ, ಅವನ ಕಿವಿ ಕೆಂಪಾಯಿತು. ಕಸ್ತೂರಿ ಹೊಡೆದಾಗ ಖಾಲಿ ತೋಟೆಯ ಮೇಲೂ ಅವಳ ಕೈ ಅಲುಗಲಿಲ್ಲ. ಆದರೆ ಮೂರು ಸುತ್ತು ಆಗುವಷ್ಟರಲ್ಲಿ ಅವಳ ರೆಪ್ಪೆಯೂ ಮೆಲ್ಲಗೆ ಅದುರತೊಡಗಿತು. ಆಮೇಲೆ ರೇಂಜಿನವರ ಇಪ್ಪತ್ತೆರಡರ ಪಿಸ್ತೂಲು ಕೊಟ್ಟರು. ಐದು ಗುಂಡು, ಐದೂ ಒಂದು ಬಳೆಯೊಳಗೆ ಹಿಡಿಯುವಷ್ಟು ಜಾಗದಲ್ಲಿ.

ಸುಬೇದಾರರು ಗುರಿಯ ಕಾಗದವನ್ನು ಮಗನ ಮುಂದೆ ಹಿಡಿದರು. "ತಮ್ಮಾ, ಗುಂಡು ಎಷ್ಟು ದಪ್ಪ ಐತಿ ಅಂತ ಮಂದಿ ಕೇಳ್ತಾರ. ತೂತು ಎಲ್ಲಿ ಬಿದ್ದೇತಿ ಅಂತ ಈ ಕಾಗದಾ ಕೇಳ್ತೇತಿ. ನೀ ಯಾರಿಗೆ ಉತ್ತರಾ ಕೊಡಾಂವ?"

ವರ್ಷದೊಳಗೆ ಕಾಗದಪತ್ರಗಳೆಲ್ಲ ಮುಗಿದು ಇಪ್ಪತ್ತೆರಡರ ಪಿಸ್ತೂಲು ನನ್ನ ಹೊಟ್ಟೆಗೆ ಬಂತು. ಉದ್ದ ಮೂತಿ, ಕಸ್ತೂರಿಯ ಅಂಗೈಗೆಂದೇ ಕೆತ್ತಿಸಿದ ಮರದ ಹಿಡಿ, ಮಾತು ಕಡಿಮೆ. ರಿವಾಲ್ವರ್ ಅದನ್ನು ಮೊದಮೊದಲು ಕೀಳಾಗಿ ಕಂಡಿತು. ಐದು ವರ್ಷದಲ್ಲಿ ಆ ಚಿಕ್ಕ ಪಿಸ್ತೂಲು ಜಿಲ್ಲೆಯ ಪದಕಗಳನ್ನೆಲ್ಲ ಮನೆಗೆ ತಂದಾಗ ತಾನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ಇನ್ನುಳಿದದ್ದು ರಾಜ್ಯಮಟ್ಟದ ಸ್ಪರ್ಧೆ. ಎರಡು ಸಲ ಹೋಗಿ ಕಸ್ತೂರಿ ನಾಲ್ಕನೆಯವಳಾಗಿ ಬಂದಿದ್ದಳು. ಸುಬೇದಾರರಿಗೆ ಎಪ್ಪತ್ತೈದು ದಾಟಿತ್ತು. "ನಾ ಇರೂದ್ರಾಗ ಒಂದ್ಸಲ ಮೊದಲನೇದು ಬಾ ಯವ್ವಾ" ಎಂದು ಅವರು ಒಂದೇ ಸಲ ಹೇಳಿದ್ದರು. ಅವಳು ಅದನ್ನು ದಿನಾ ಕೇಳಿಸಿಕೊಳ್ಳುತ್ತಿದ್ದಳು.

ಆ ವರ್ಷ ಸ್ಪರ್ಧೆ ದಸರೆಯ ಮರುವಾರ ಇತ್ತು. ಸುಬೇದಾರರ ಕಣ್ಣಿನ ಪೊರೆಯ ಆಪರೇಶನ್ ಆಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಹೀಗಾಗಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಯಜಮಾನಿಕೆ ಸೋಮನಿಂಗಪ್ಪನ ಪಾಲಿಗೆ ಬಂತು. ಅವನು ಅರೆಮನಸ್ಸಿನಿಂದ ಏನನ್ನೂ ಮಾಡುವವನಲ್ಲ. ನೇಗಿಲು, ಕುಡುಗೋಲು, ಪಂಪ್‌ಸೆಟ್ಟು, ಜೀಪು ಎಲ್ಲಕ್ಕೂ ಚೆಂಡುಹೂವಿನ ಮಾಲೆ ಹಾಕಿದ. ನನ್ನ ಬಳಿ ಬಂದು, ಒಳಗಿನ ಆಯುಧಗಳಿಗೂ ಪೂಜೆ ಮುಟ್ಟಲಿ ಎಂಬ ಭಕ್ತಿಯಿಂದ, ವಿಭೂತಿ ಮತ್ತು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ನನ್ನ ಎರಡೂ ಕೀಲಿತೂತುಗಳಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದ. ನನಗೆ ಉಸಿರು ಕಟ್ಟಿದಂತಾಯಿತು. ಹಾಗೇ ಬಿಟ್ಟಿದ್ದರೂ ಆಗುತ್ತಿತ್ತು. ಕೀಲಿಗಳೂ ಆಯುಧದ ಅಂಗವೇ ಎಂದು ಅಪ್ಪನ ಉಡಿದಾರದ ಕೀಲಿ, ಅವ್ವನ ಸೆರಗಿನ ಕೀಲಿ, ಜೀಪಿನ ಕೀಲಿ ಮೂರನ್ನೂ ಇಸಿದುಕೊಂಡು ಒಂದೇ ತಾಮ್ರದ ತಟ್ಟೆಯಲ್ಲಿಟ್ಟು, ಹೂವಿಟ್ಟು, ತಟ್ಟೆಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟ.

ಖಂಡೇಪೂಜೆಗೆ ಒಂದು ಕಟ್ಟುಪಾಡಿದೆ. ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವಂತಿಲ್ಲ, ಮುಟ್ಟುವಂತಿಲ್ಲ. ಮರುದಿನ ಬನ್ನಿ ಹಂಚಿದ ಮೇಲೆಯೇ ಕೈಗೆ ತೆಗೆದುಕೊಳ್ಳಬೇಕು. ಹೀಗಾಗಿ ಮೂರೂ ಕೀಲಿ ಹಾಡಹಗಲಿನಲ್ಲಿ ಬಾನೆಟ್ಟಿನ ಮೇಲೆ ಹೂ ಹೊತ್ತು ಕುಳಿತವು. "ಕೀಲಿ ಎಲ್ಲಿಟ್ಟಿಯೋ?" ಎಂದು ಒಳಗಿಂದ ಸುಬೇದಾರರು ಕೂಗಿದರು. "ಪೂಜಾದಾಗ ಅದಾವ ಯಪ್ಪಾ" ಅಂದ ಮಗ. ಅವರು ದೇವರಕೋಣೆ ಎಂದುಕೊಂಡು ಸುಮ್ಮನಾದರು. ನಾನು ಕೂಗಬೇಕೆಂದುಕೊಂಡೆ. ಕೂಗುವ ಬಾಯಿ ನನಗೆಲ್ಲಿದೆ?

ಮಧ್ಯಾಹ್ನ ಹೋಳಿಗೆ ಊಟವಾಯಿತು. ಹೋಳಿಗೆ ಉಂಡ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತಲ್ಲ. ಅಂಗಳದ ನಾಯಿಯೂ ಮಲಗಿತ್ತು. ಆಗ ಒಬ್ಬ ಬಂದ. ಕೆಂಪು ಟೊಪ್ಪಿಗೆ, ತೆಳ್ಳನೆಯ ಮೈ. ಕೆಸರಿನ ಪೈಪೋಟಿಯಲ್ಲಿ ಅವನನ್ನು ನೋಡಿದ್ದೆ. ಸೋಮನಿಂಗಪ್ಪನ ಜೀಪು ಹೊಗಳಿ ಬೆನ್ನು ತಟ್ಟಿದವನು. ಹೊಗಳಿಕೆಗೆ ಉಬ್ಬಿ ನಮ್ಮ ಯಜಮಾನ "ಸೀಟಿನ ಕೆಳಗ ಏನೈತಿ ಗೊತ್ತೇನು?" ಎಂದು ನನ್ನ ಗುಟ್ಟನ್ನೆಲ್ಲ ಹರವಿಬಿಟ್ಟಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದೆ, ಅವನು ಮುಚ್ಚಿಕೊಂಡಿರಲಿಲ್ಲ. ಕೆಂಪು ಟೊಪ್ಪಿಗೆಯವನು ತಟ್ಟೆಯಿಂದ ಕೀಲಿ ಎತ್ತಿಕೊಂಡು, ಹೂವಿನ ಮಾಲೆಯ ಸಮೇತ ಜೀಪನ್ನು ಓಡಿಸಿಕೊಂಡು ಹೊರಟ.

ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಹಸಿಯಾಗಿತ್ತು. ಅವನು ಡಾಂಬರು ಬಿಟ್ಟು ಹೊಲದ ದಾರಿಗಿಳಿದು ಹಳೆಯ ಕಲ್ಲುಗಣಿಗೆ ಬಂದು ನಿಲ್ಲಿಸಿದ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೊದಲ ಕೀಲಿ ತೂರಿಸಿದ. ಕೀಲಿ ಅರ್ಧಕ್ಕೆ ನಿಂತಿತು. ಎರಡನೆಯದನ್ನು ತೂರಿಸಿದ, ಅದೂ ನಿಂತಿತು. ವಿಭೂತಿ ಎಣ್ಣೆಯನ್ನೆಲ್ಲ ಹೀರಿ ಗಟ್ಟಿಯಾಗಿ ಗಾರೆಯಂತಾಗಿತ್ತು. ಸೋಮನಿಂಗಪ್ಪನ ಒಂದು ತಪ್ಪು ಕಳ್ಳನ ಕೈಗೆ ಕೀಲಿ ಕೊಟ್ಟಿತ್ತು, ಇನ್ನೊಂದು ತಪ್ಪು ನನ್ನ ಬಾಯಿಗೆ ಬೀಗ ಹಾಕಿತ್ತು. ನನಗೆ ಆ ಭಯದಲ್ಲೂ ನಗು ಬಂತು.

ಕಳ್ಳನಿಗೆ ನಗು ಬರಲಿಲ್ಲ. ಕೀಲಿ ತಿರುವಿ ತಿರುವಿ ಒಂದನ್ನು ಬಾಗಿಸಿದ. ಆಮೇಲೆ ಜ್ಯಾಕಿನ ರಾಡು ತೆಗೆದುಕೊಂಡು ಕುಟ್ಟತೊಡಗಿದ. ಒಂದು, ಎರಡು, ಮೂರು. ಪ್ರತಿ ಏಟಿಗೂ ಒಳಗಿನ ಪಿಸ್ತೂಲು ರಬ್ಬರಿನ ಮೇಲೆ ನಡುಗಿತು. ಈ ಪಿಸ್ತೂಲು ಹೋದರೆ ಕಸ್ತೂರಿಯ ಸ್ಪರ್ಧೆ ಹೋಯಿತು, ಪರವಾನಗಿ ಹೋಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಮುದುಕರ ಮಾನವೂ ಹೋಯಿತು. ಇಷ್ಟೂ ನನಗೆ ಗೊತ್ತಿತ್ತು. ಮಕ್ತುಂಸಾಬರ ಹಾರೆಯನ್ನು ನೆನೆಸಿಕೊಂಡೆ. ಅವರಂಥ ಕಸುವಿನವರಿಗೇ ಬಗ್ಗದವನು ಇವನಿಗೆ ಬಗ್ಗುವೆನೇ? ಬಿಜಾಗರಿ ಹುಡುಕಿದ, ಸಿಗಲಿಲ್ಲ. ಬೋಲ್ಟು ಹುಡುಕಿದ, ಅವು ನನ್ನೊಳಗಿದ್ದವು. ಹನ್ನೊಂದು ಏಟು ಬಿದ್ದವು. ಹನ್ನೊಂದು ತಗ್ಗು ಬಿದ್ದವು. ಮುಚ್ಚಳ ಒಂದು ಕೂದಲಷ್ಟೂ ಎದ್ದಿರಲಿಲ್ಲ.

ಅಷ್ಟರಲ್ಲಿ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ಜೀಪು ಇಲ್ಲದ್ದನ್ನು ಮೊದಲು ಕಂಡವಳು ಕಸ್ತೂರಿ. ಸೋಮನಿಂಗಪ್ಪ ತಲೆ ಚಚ್ಚಿಕೊಳ್ಳುತ್ತ ಹೊರಬಂದವನು ನೆಲ ನೋಡಿದ. ಹಸಿ ಮಣ್ಣಿನಲ್ಲಿ ಬಾಣದ ಮೊನೆಗಳ ಸಾಲು! ಎಲ್ಲರೂ ಹಾಸ್ಯ ಮಾಡಿದ್ದ ಅವನ ಟೈರು ಇಡೀ ದಾರಿಯನ್ನು ಬರೆದಿಟ್ಟು ಹೋಗಿತ್ತು. ಅದನ್ನೇ ಹಿಡಿದು ಗಂಡ-ಹೆಂಡತಿ ಗಣಿಯ ಅಂಚಿಗೆ ಬಂದಿದ್ದರು. ಅಲ್ಲಿ ಕುರಿ ಮೇಯಿಸುತ್ತಿದ್ದ ಲಗಮವ್ವ ಎಂಬ ಮುದುಕಿ ಆಗಲೇ ಕುಟ್ಟುವ ಸದ್ದಿಗೆ ಎದ್ದು ನಿಂತು, ನಾಯಿಗಳನ್ನು ಹಿಡಿದುಕೊಂಡು ಕೆಳಗೆ ನೋಡುತ್ತಿದ್ದಳು.

ಕಳ್ಳ ಅವರನ್ನು ಕಂಡ. ರಾಡು ಹಿಡಿದೇ ಸ್ಟೇರಿಂಗಿನ ಕಡೆಗೆ ಹಾರಿದ. ಸೋಮನಿಂಗಪ್ಪ ಕಲ್ಲುಗಳ ಮೇಲಿಂದ ದಡದಡ ಇಳಿಯುತ್ತಿದ್ದ, ಆದರೆ ಅವನು ಬಂದು ಮುಟ್ಟುವಷ್ಟರಲ್ಲಿ ಜೀಪು ಹೊರಡುವುದು ಖಂಡಿತ. ಕಸ್ತೂರಿ ಲಗಮವ್ವನ ಹೆಗಲ ಮೇಲಿದ್ದ ಕವಣೆಯತ್ತ ಕೈಚಾಚಿದಳು.

"ದೊಡ್ಡ ಕಲ್ಲು ತಗೋ ಮಗಳ" ಅಂದಳು ಲಗಮವ್ವ, ಮುಷ್ಟಿಗಾತ್ರದ್ದನ್ನು ಕೊಡುತ್ತ.

"ಬ್ಯಾಡಬೇ, ಸಣ್ಣದು ಸಾಕು" ಅಂದಳು ಕಸ್ತೂರಿ. ಕಾಲ ಕೆಳಗಿನಿಂದ ನಿಂಬೆಹಣ್ಣಿನ ಗಾತ್ರದ್ದನ್ನು ಹೆಕ್ಕಿಕೊಂಡಳು.

ಅವಳ ಕೈ ತಲೆಯ ಮೇಲೆ ಎರಡು ಸುತ್ತು ತಿರುಗಿತು. ನಲವತ್ತು ಹೆಜ್ಜೆ ದೂರ. ಕಲ್ಲು ಬಂದು ನೇರವಾಗಿ ಕೀಲಿ ತಿರುವುತ್ತಿದ್ದ ಅವನ ಮುಂಗೈಗೆ ಬಿತ್ತು. "ಸತ್ತೆ!" ಎಂದು ಕೂಗಿ ಅವನು ಕೈ ಹಿಡಿದುಕೊಂಡು ಜೀಪಿನಿಂದ ಉರುಳಿದ. ಲಗಮವ್ವ ನಾಯಿಗಳನ್ನು ಬಿಟ್ಟಳು. ಅವು ಅವನನ್ನು ಕಚ್ಚಲಿಲ್ಲ, ಸುತ್ತಲೂ ನಿಂತು ಹಲ್ಲು ತೋರಿಸಿದವು ಅಷ್ಟೇ. ಸೋಮನಿಂಗಪ್ಪ ಬಂದು ಅವನ ಮೇಲೆ ಕುಳಿತುಬಿಟ್ಟ. ಅವನ ಭಾರದ ಕೆಳಗಿಂದ ಪೊಲೀಸರು ಬರುವವರೆಗೆ ಯಾರೂ ಏಳುವಂತಿರಲಿಲ್ಲ. ಕಸ್ತೂರಿ ಮಾತ್ರ ಓಡಿಬಂದು ನನ್ನ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಮುಚ್ಚಳ ಗಟ್ಟಿಯಾಗಿರುವುದು ತಿಳಿದು, ಅಲ್ಲೇ ಕುಸಿದು ಕುಳಿತು ಅತ್ತಳು. ಅವಳು ಅತ್ತದ್ದನ್ನು ನೋಡಿದ್ದು ನಾನೊಬ್ಬನೇ.

ಗೆದ್ದೆವು ಎಂದುಕೊಂಡರೆ ಠಾಣೆಯಲ್ಲಿ ಇನ್ನೊಂದು ತೊಡಕು. ಒಳಗೆ ಆಯುಧಗಳು ಇವೆಯೆಂದು ಕಣ್ಣಾರೆ ನೋಡದೆ ಬರೆದುಕೊಳ್ಳುವುದು ಹೇಗೆ ಎಂದರು ಸಬ್ ಇನ್ಸ್‌ಪೆಕ್ಟರ್ ಹಾದಿಮನಿ. ತೆರೆಯೋಣವೆಂದರೆ ನಾನು ತೆರೆಯೆ. ಗ್ಯಾಸ್ ಕಟರ್ ತರಿಸುವ ಮಾತಾಯಿತು. ಒಳಗೆ ಗುಂಡುಗಳಿರುವ ಪೆಟ್ಟಿಗೆಗೆ ಬೆಂಕಿಯೇ ಎಂದು ಕಸ್ತೂರಿ ಅಡ್ಡ ನಿಂತಳು. ಮರುದಿನ ಹುಬ್ಬಳ್ಳಿಯಿಂದ ಮಕ್ತುಂಸಾಬರನ್ನು ಕರೆತಂದರು. ಗಡ್ಡ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ನನ್ನ ಹನ್ನೊಂದು ತಗ್ಗುಗಳನ್ನು ಒಂದೊಂದಾಗಿ ಬೆರಳಿಂದ ಮುಟ್ಟಿದರು. ಸೀಮೆಎಣ್ಣೆ ಹನಿಸಿ, ದಬ್ಬಣದಿಂದ ಕೆದಕಿ, ಊದಿ, ಎರಡು ತಾಸು ನನ್ನ ಬಾಯಿ ತೊಳೆದರು. ಬಾಗಿದ ಕೀಲಿಯನ್ನು ಮೆಲ್ಲಗೆ ತಟ್ಟಿ ನೇರ ಮಾಡಿದರು. ಕೀಲಿ ತಿರುಗಿತು. ರಿವಾಲ್ವರ್ ಇತ್ತು. ಪಿಸ್ತೂಲು ಇತ್ತು. ಇನ್ನೊಂದು ಖಾನೆಯಲ್ಲಿ ಒಂದು ಗುಂಡೂ ಕಡಿಮೆಯಿರಲಿಲ್ಲ. ಸಂಗವ್ವನ ಅಕ್ಕಿಯ ಗಂಟುಗಳೂ ಹಾಗೇ ಇದ್ದವು.

"ಇದನ್ನ ಮಾಡಿದಾವ್ರು ಯಾರ್ರೀ?" ಎಂದರು ಹಾದಿಮನಿ.

"ನಾನ ಸಾಹೇಬ್ರ. ಒಡೀಲಿಕ್ಕೆ ಬಂದು ಸೋತಾವ್ರಾಗ ಮೊದಲನೇದಾಂವನೂ ನಾನ" ಅಂದರು ಮಕ್ತುಂಸಾಬರು.

ಅಷ್ಟರಲ್ಲಿ ಕಣ್ಣಿನ ಪಟ್ಟಿಯೊಂದಿಗೇ ಸುಬೇದಾರರು ಸೋಮನಿಂಗಪ್ಪನ ಹೆಗಲು ಹಿಡಿದು ಠಾಣೆಗೆ ಬಂದರು. ಮುಚ್ಚಿಡಲಿಲ್ಲ. "ಕೀಲಿ ಹೊರಗ ಬಿಟ್ಟದ್ದು ನಮ್ಮ ತಪ್ಪು ಸಾಹೇಬ್ರ. ಬರಕೋರಿ. ಪೆಟ್ಟಿಗಿದು ತಪ್ಪಿಲ್ಲ, ಸೊಸೀದೂ ಇಲ್ಲ" ಎಂದು ನೆಟ್ಟಗೆ ನಿಂತು ಹೇಳಿದರು. ಹಾದಿಮನಿಯವರು ಎಲ್ಲವನ್ನೂ ಬರೆದುಕೊಂಡರು. ವಿಚಾರಣೆ ಮುಗಿಯುವವರೆಗೆ ಎರಡೂ ಆಯುಧ ಠಾಣೆಯಲ್ಲೇ ಇರಬೇಕು, ಮೇಲಿನವರ ಆದೇಶ ಬಂದರೆ ಬಿಡುತ್ತೇನೆ ಎಂದರು. ಸ್ಪರ್ಧೆಗೆ ಎಂಟು ದಿನ ಉಳಿದಿತ್ತು.

ಪಿಸ್ತೂಲಿಲ್ಲದೆ ಅಭ್ಯಾಸ ಹೇಗೆ? ಸುಬೇದಾರರು ಹಿತ್ತಾಳೆಯ ತಂಬಿಗೆಯ ತುಂಬ ನೀರು ತರಿಸಿದರು. ಕಸ್ತೂರಿ ಅಂಗಳದಲ್ಲಿ ನಿಂತು, ತೋಳು ಚಾಚಿ, ಆ ತಂಬಿಗೆ ಹಿಡಿದು ಗೋಡೆಯ ಮೇಲಿನ ಮಸಿಬೊಟ್ಟನ್ನು ನೋಡಬೇಕು. ಹನಿ ಬೀಳಬಾರದು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ, ಸುಬೇದಾರರಿಗೆ ಏನೂ ಕಾಣುತ್ತಿರಲಿಲ್ಲ, ಹನಿ ಬಿದ್ದ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದರು. ಮೊದಲ ದಿನ ಆ ಸದ್ದು ಎಣಿಸಲಾರದಷ್ಟು. ಐದನೆಯ ದಿನ ಮೂರು. ಏಳನೆಯ ದಿನ ಅವರು ಬಹಳ ಹೊತ್ತು ಕಿವಿಗೊಟ್ಟು, ಕೊನೆಗೆ "ಇಲ್ಲೇ ಅದೀ ಏನ ಯವ್ವಾ?" ಅಂದರು. "ಇಲ್ಲೇ ಅದೀನ್ರಿ ಮಾವಾರ" ಅಂದಳು ಅವಳು, ತೋಳು ಚಾಚಿಕೊಂಡೇ. ಅಂದೇ ಸಂಜೆ ಆದೇಶ ಬಂತು. ಆಯುಧ ಪೆಟ್ಟಿಗೆಯಿಂದ ಹೊರಗೆ ಹೋಗಿಯೇ ಇಲ್ಲ, ಆದ್ದರಿಂದ ಎಚ್ಚರಿಕೆ ಕೊಟ್ಟು ಮರಳಿಸುವುದು ಎಂದು ಬರೆದಿತ್ತಂತೆ. ಆ ಕಾಗದದಲ್ಲಿ ನನ್ನ ಹೆಸರಿಲ್ಲ. ಆದರೂ ಅದು ನನಗೇ ಕೊಟ್ಟ ಬಿರುದು ಎಂದು ನಾನು ತಿಳಿದಿದ್ದೇನೆ.

ಸ್ಪರ್ಧೆಗೆ ಜೀಪಿನಲ್ಲೇ ಹೋದೆವು. ನಾನು ಹೊರಗೆ ವಾಹನಗಳ ಸಾಲಿನಲ್ಲಿದ್ದೆ, ಕೇಳುವುದಷ್ಟೇ ನನ್ನ ಪಾಲು. ಅರವತ್ತು ಗುಂಡುಗಳ ಆಟ. ಮೊದಲ ಮೂವತ್ತು ನಿಧಾನ, ಉಳಿದ ಮೂವತ್ತು ಅವಸರದವು. ನಮ್ಮ ಪಿಸ್ತೂಲಿನ ದನಿಯನ್ನು ಸಾವಿರದ ನಡುವೆಯೂ ನಾನು ಗುರುತಿಸಬಲ್ಲೆ. ಟಪ್, ಟಪ್, ಟಪ್. ಒಂದೇ ಅಳತೆಯ ಬಿಡುವು, ಅಂಗಳದಲ್ಲಿ ನೀರು ತುಳುಕದ ಬಿಡುವು. ಆಮೇಲೆ ಸದ್ದು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಸೋಮನಿಂಗಪ್ಪ ಓಡಿಬರುವುದು ಕಾಣಿಸಿತು. ಚಪ್ಪಲಿ ಒಂದೇ ಕಾಲಲ್ಲಿ. ಬಂದವನೇ ಜೀಪಿನ ದೊಡ್ಡ ಹಾರ್ನನ್ನು ಒತ್ತಿ ಹಿಡಿದ. ಅಲ್ಲಿದ್ದವರೆಲ್ಲ ಬೈದರು. ಅವನು ಬಿಡಲಿಲ್ಲ. "ಮೊದಲನೇದು! ನಮ್ಮಾಕಿ ಮೊದಲನೇದು!" ಎಂದು ಹಾರ್ನಿಗಿಂತ ಜೋರಾಗಿ ಕೂಗಿದ. ನನ್ನ ಜನ್ಮದಲ್ಲಿ ಆ ಹಾರ್ನು ನನಗೆ ಇಂಪಾಗಿ ಕೇಳಿದ್ದು ಅದೊಂದೇ ಸಲ.

ಊರಿಗೆ ಬಂದಾಗ ಸುಬೇದಾರರ ಪಟ್ಟಿ ಬಿಚ್ಚಿದ್ದರು. ಹೊಸ ಕಣ್ಣಿನಿಂದ ಮೊದಲು ಪದಕ ನೋಡಿದರು, ಆಮೇಲೆ ಗುರಿಯ ಕಾಗದದ ತೂತುಗಳನ್ನು ಬಹಳ ಹೊತ್ತು ನೋಡಿದರು. ಬನ್ನಿ ಹಂಚುವುದು ಆ ಗಲಾಟೆಯಲ್ಲಿ ತಪ್ಪಿಹೋಗಿತ್ತು. ಅಂದು ಹಂಚಿದರು. "ಬಂಗಾರದಂಗ ಇರೂಣು" ಎಂದು ಎಲ್ಲರೂ ಎಲ್ಲರ ಕೈ ಹಿಡಿದರು. ಆಗ ಸುಬೇದಾರರು ಮಗನನ್ನು ಹತ್ತಿರ ಕರೆದು, ತಮ್ಮ ಉಡಿದಾರದಿಂದ ಬಂದೂಕಿನ ಖಾನೆಯ ಕೀಲಿ ಬಿಚ್ಚಿ, ಅವನ ಉಡಿದಾರಕ್ಕೆ ತಾವೇ ಕಟ್ಟಿದರು. ಸೋಮನಿಂಗಪ್ಪ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನನಗ್ಯಾಕ ಯಪ್ಪಾ? ತಪ್ಪು ಮಾಡಿದಾಂವ ನಾನಲ್ಲೇನು?"

"ಅದಕ್ಕ ನಿನಗ. ಇನ್ಮ್ಯಾಲ ಇದನ್ನ ನಿನ್ನಷ್ಟು ಜ್ವಾಕಿ ಮಾಡಾಂವ ಈ ಊರಾಗ ಯಾರೂ ಇಲ್ಲ."

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಸುಬೇದಾರರು ಇನ್ನೂ ಆರು ವರ್ಷ ಇದ್ದು, ಸೊಸೆಯ ರಾಜ್ಯಮಟ್ಟದ ಮೂರು ಪದಕ ನೋಡಿ ಹೋದರು. ಸಂಗವ್ವನೂ ಹೋದಳು. ಅವಳ ಸೆರಗಿನ ಕೀಲಿ ಕಸ್ತೂರಿಗೆ ಬಂತು. ಜೀಪು ಮುದಿಯಾಗಿ ಗುಜರಿಗೆ ಹೊರಟ ದಿನ ನನ್ನನ್ನು ಬಿಚ್ಚಲು ಬಂದರು. ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಕೊನೆಗೆ ಜೀಪಿನ ನೆಲದ ತಗಡನ್ನೇ ಕತ್ತರಿಸಿ ನನ್ನನ್ನು ಎತ್ತಿದರು. ಇಂದಿಗೂ ನನ್ನ ಅಡಿಯಲ್ಲಿ ಹಳೆಯ ಗೆಳೆಯನ ಒಂದು ತುಂಡು ಇದೆ.

ಈಗ ನಾನಿರುವುದು ಕಸ್ತೂರಿಯ ಶೂಟಿಂಗ್ ಶಾಲೆಯ ಒಂದು ಮೂಲೆಯಲ್ಲಿ. ಬಂದೂಕುಗಳಿಗೆ ನಂಬರು ಒತ್ತಿ ತೆರೆಯುವ ಹೊಸ ಕಪಾಟು ಬಂದಿದೆ. ಅದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಆದರೆ ಅದನ್ನು ಯಾರೂ ಇನ್ನೂ ಹಾರೆಯಿಂದ ಕುಟ್ಟಿ ನೋಡಿಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. ಹೊಸದಾಗಿ ಕಲಿಯಲು ಬಂದವರು ಯಾವ ಬೋರು ಒಳ್ಳೆಯದು ಎಂದೇ ಮೊದಲು ಕೇಳುತ್ತಾರೆ. ಕಸ್ತೂರಿ ಅವರನ್ನು ಕರೆತಂದು ನನ್ನ ಮುಂದೆ ನಿಲ್ಲಿಸುತ್ತಾಳೆ. "ಬೋರು ಆಮ್ಯಾಲ. ಮೊದಲು ಇಡೂದು ಕಲೀರಿ" ಅನ್ನುತ್ತಾಳೆ.

ಪ್ರತಿ ಖಂಡೇಪೂಜೆಗೆ ಸೋಮನಿಂಗಪ್ಪ ಕುಂಕುಮದ ಬಟ್ಟಲು ಹಿಡಿದು ಬರುತ್ತಾನೆ. ತಲೆ ನರೆತಿದೆ. ಕೀಲಿತೂತುಗಳನ್ನು ಮುಟ್ಟುವುದಿಲ್ಲ. ನನ್ನ ಹನ್ನೊಂದು ತಗ್ಗುಗಳಿಗೆ ಹನ್ನೊಂದು ಬೊಟ್ಟು ಇಟ್ಟು ಕೈ ಮುಗಿಯುತ್ತಾನೆ. ಕೀಲಿಯನ್ನು ತಟ್ಟೆಯಲ್ಲಿ ಇಡುವುದಿಲ್ಲ, ಉಡಿದಾರದಲ್ಲೇ ಇಟ್ಟುಕೊಂಡು ಅಲ್ಲಿಗೇ ಒಂದು ಹೂವಿನೆಸಳು ಮುಟ್ಟಿಸಿಕೊಳ್ಳುತ್ತಾನೆ. ಅವನ ಬಾಯಿಯೂ ಈಗ ಮೊದಲಿನಂತಲ್ಲ. ಯಾರಾದರೂ "ಈ ಮುದಿ ಪೆಟ್ಟಿಗ್ಯಾಗ ಈಗ ಏನ್ ಇಟ್ಟೀರಿ?" ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾನೆ.

ನನ್ನನ್ನು ಕೇಳಬೇಡಿ. ಇಷ್ಟು ಹೊತ್ತು ಮಾತಾಡಿದ್ದೇ ಹೆಚ್ಚಾಯಿತು. ನೋಡಲೇಬೇಕೆಂದರೆ ಎರಡು ಕೀಲಿ ಬೇಕು. ಒಂದು ಕಸ್ತೂರಿಯ ಸೆರಗಿನಲ್ಲಿದೆ, ಇನ್ನೊಂದು ಸೋಮನಿಂಗಪ್ಪನ ಉಡಿದಾರದಲ್ಲಿ. ಹೋಗಿ, ಇಬ್ಬರನ್ನೂ ಒಪ್ಪಿಸಿಕೊಂಡು ಬನ್ನಿ.